ಮಂದೆಯೊಳಗೊಂದು ಮಂದೆ: ನಾಟಿ ಕುರಿ-ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುರಿ-ಮೇಕೆ ಸಾಕುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ತಳಿ, ತೂಕ, ರೇಟು. ಹೊಟ್ಟೆ ನೆನಪಾಗುವುದು ಅದು ಉಬ್ಬಿದಾಗ ಮಾತ್ರ. ನಾನೂ ಹಾಗೇ ಇದ್ದೆ. ಎರಡು ಮರಿ ಕಳೆದುಕೊಂಡ ಮೇಲೆ, ಒಳಗೆ ಅಸಲಿಗೆ ಏನು ನಡೆಯುತ್ತದೆ ಅಂತ ಓದಲು, ಕೇಳಲು, ಇಣುಕಿ ನೋಡಲು ಶುರು ಮಾಡಿದೆ. ಸಾಕುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಪಶುವೈದ್ಯನಲ್ಲ. ಔಷಧಿ ವಿಷಯ ಬಂದಾಗ ಡಾಕ್ಟರನ್ನೇ ಕೇಳಿ.

ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದೆ ಅಂದರೆ ಕಾಯಿಲೆ ಅಂತಲಾ?

ಅಲ್ಲ. ಇಲ್ಲದಿದ್ದರೆ ಕಾಯಿಲೆ. ಮೇಕೆ ತಾನೊಂದೇ ಹುಲ್ಲನ್ನು ಅರಗಿಸಲಾರದು. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಅದರ ಮೈಯಲ್ಲಿ ತಯಾರಾಗುವುದೇ ಇಲ್ಲ. ನಮ್ಮಲ್ಲೂ ಇಲ್ಲ. ಅದಕ್ಕೇ ನಾವು ರಾಗಿ ತಿಂದು ಹುಲ್ಲನ್ನು ದನಕ್ಕೆ ಹಾಕುತ್ತೇವೆ. ಮೇಕೆ ಆ ಕೆಲಸವನ್ನು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗೆ ಗುತ್ತಿಗೆ ಕೊಟ್ಟಿದೆ. ಬೆಚ್ಚಗಿನ ಜಾಗ, ನೀರು, ಅಗಿದ ಸೊಪ್ಪು ಇವಿಷ್ಟು ಮೇಕೆಯ ಪಾಲು. ಒಡೆದು ಬೇಯಿಸಿ ಕೊಡುವುದು ಅವುಗಳ ಪಾಲು.

ನಾಲ್ಕು ಹೊಟ್ಟೆ ಅಂತಾರಲ್ಲ, ಇವು ಇರೋದು ಯಾವುದರಲ್ಲಿ?

ಬೋಟಿ ತೊಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟರ್ಕಿ ಟವೆಲ್ ಥರ ಮೈಯೆಲ್ಲ ಕುಚ್ಚು ಕುಚ್ಚಾಗಿರುವ ದೊಡ್ಡ ಚೀಲ ರುಮೆನ್. ಜೇನುಗೂಡಿನ ಹಾಗೆ ಮನೆ ಮನೆ ಇರುವುದು ರೆಟಿಕ್ಯುಲಂ. ಪುಸ್ತಕದ ಹಾಳೆಯಂತೆ ಪದರ ಪದರ ಇರುವುದು ಒಮೇಸಂ. ಜಾರುವ ನುಣುಪಾದದ್ದು ಅಬೋಮೇಸಂ. ನಮ್ಮ ಹೊಟ್ಟೆಯಂತೆ ಆಮ್ಲ ಸುರಿಸುವುದು ಈ ಕೊನೆಯದು ಒಂದೇ.

ಬ್ಯಾಕ್ಟೀರಿಯಾಗಳ ಊರು ರುಮೆನ್. ಅಲ್ಲಿ ಗಾಳಿ ಇಲ್ಲ, ಬಿಸಿ 39 ಡಿಗ್ರಿ ಆಸುಪಾಸು, ಹುಳಿ ಜಾಸ್ತಿಯೂ ಇಲ್ಲ. ಹುಳಿ ಅಳೆಯುವ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6ರಿಂದ 7ರ ನಡುವೆ ನಿಲ್ಲುತ್ತದೆ. ಅದನ್ನು ಅಲ್ಲೇ ನಿಲ್ಲಿಸುವುದು ಜೊಲ್ಲು. ಜೊಲ್ಲಿನಲ್ಲಿ ಅಡುಗೆ ಸೋಡಾದಂಥದೇ ಉಪ್ಪು ಇರುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು, ಜೊಲ್ಲು ಇಳಿದಷ್ಟೂ ಹೊಟ್ಟೆ ಸಮ. ಮರದ ಕೆಳಗೆ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುವ ಮೇಕೆ ಸುಮ್ನೆ ಕೂತಿಲ್ಲ, ಡ್ಯೂಟಿಯಲ್ಲಿದೆ.

ದೊಡ್ಡ ಕರುಳಿನಲ್ಲೂ ಬ್ಯಾಕ್ಟೀರಿಯಾ ಇವೆ. ಆದರೆ ಮುಖ್ಯ ಕೆಲಸ ನಡೆಯುವುದು ರುಮೆನ್ನಿನಲ್ಲಿ.

ಎಷ್ಟಿರಬಹುದು?

ರುಮೆನ್ ರಸದ ಒಂದೇ ಒಂದು ಮಿಲಿಲೀಟರಿನಲ್ಲಿ ಒಂದು ಸಾವಿರ ಕೋಟಿಯಿಂದ ಹತ್ತು ಸಾವಿರ ಕೋಟಿವರೆಗೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳೆಲ್ಲ ಸೇರಿ 1.1 ಕೋಟಿ, ಮೇಕೆಗಳು 61 ಲಕ್ಷದ ಮೇಲೆ. ರಾಜ್ಯದ ಅಷ್ಟೂ ಮಂದೆಯನ್ನು ಒಂದು ಹನಿ ರಸ ಸೋಲಿಸುತ್ತದೆ.

ಬ್ಯಾಕ್ಟೀರಿಯಾ ಒಂದೇ ಅಲ್ಲ. ಪ್ರೋಟೋಜೋವಾ ಅನ್ನುವ ಏಕಕೋಶ ಜೀವಿಗಳಿವೆ. ಇವು ಮಿಲಿಲೀಟರಿಗೆ ಲಕ್ಷದ ಲೆಕ್ಕದಲ್ಲಿ ಇರುತ್ತವೆ. ಗಾಳಿ ಬೇಡದ ಶಿಲೀಂಧ್ರಗಳಿವೆ. ಮೀಥೇನ್ ಅನ್ನುವ ಗ್ಯಾಸ್ ಮಾಡುವ ಆರ್ಕಿಯಾ ಅನ್ನುವ ಬೇರೆ ಜಾತಿಯ ಸೂಕ್ಷ್ಮಜೀವಿಗಳಿವೆ. ಪ್ರೋಟೋಜೋವಾಗಳನ್ನು 1843ರಲ್ಲೇ ಗ್ರೂಬಿ ಮತ್ತು ಡೆಲಾಫಾಂಡ್ ಅನ್ನುವವರು ನೋಡಿ ಬರೆದಿಟ್ಟರು. ಶಿಲೀಂಧ್ರದ ಕಥೆ ಇನ್ನೂ ಮಜವಾಗಿದೆ. ಅವುಗಳ ಬೀಜಕಣಗಳು ಬಾಲ ಬೀಸಿಕೊಂಡು ಈಜುತ್ತಿದ್ದವು. ಹಾಗಾಗಿ ಬಹಳ ಕಾಲ ಎಲ್ಲರೂ ಅವನ್ನೂ ಪ್ರೋಟೋಜೋವಾ ಅಂದುಕೊಂಡಿದ್ದರು. 1975ರಲ್ಲಿ ಕಾಲಿನ್ ಆರ್ಪಿನ್ ಕುರಿಯ ರುಮೆನ್ ರಸ ಇಟ್ಟುಕೊಂಡು, ಅವು ಶಿಲೀಂಧ್ರ ಅಂತ ತೋರಿಸಿದರು.

ಒಂದು ಸಲ ನಾನೂ ನೋಡಿದೆ. ಆಗತಾನೆ ಕೊಯ್ದ ಮೇಕೆಯ ರಸವನ್ನು ಫ್ಲಾಸ್ಕಿನಲ್ಲಿ ತಂದು, ಬೆಚ್ಚಗಿರುವಾಗಲೇ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟಿದ್ದರು. ಮಸೂರದಡಿ ಸಂತೆಯೇ ನೆರೆದಿತ್ತು. ಮೈತುಂಬ ಸಣ್ಣ ಕೂದಲಿರುವ ಗುಂಡು ಜೀವಗಳು ಸೊಪ್ಪಿನ ಚೂರಿಗೆ ಡಿಕ್ಕಿ ಹೊಡೆದು, ತಿರುಗಿ, ಮತ್ತೆ ಓಡುತ್ತಿದ್ದವು. ಐದು ನಿಮಿಷದಲ್ಲಿ ಗಾಜು ತಣ್ಣಗಾಯಿತು. ಒಂದೊಂದೇ ನಿಂತವು. ಅವತ್ತಿನಿಂದ ಚಳಿಗಾಲದ ಬೆಳಗ್ಗೆ ಮರಿಗಳಿಗೆ ಕೊರೆಯುವ ನೀರು ಕುಡಿಸುವುದನ್ನು ಬಿಟ್ಟಿದ್ದೇನೆ. ಅಷ್ಟೇನೂ ಬೇಕಾಗಿಲ್ಲ ಅಂತ ನನಗೂ ಗೊತ್ತು, ಮನಸ್ಸು ಒಪ್ಪುವುದಿಲ್ಲ.

ಅವು ಮಾಡಿಕೊಡುವುದು ಏನನ್ನು?

ಮೊದಲನೆಯದು ಶಕ್ತಿ. ಫೈಬ್ರೋಬ್ಯಾಕ್ಟರ್, ರುಮಿನೋಕಾಕಸ್ ಅನ್ನುವ ಬ್ಯಾಕ್ಟೀರಿಯಾಗಳು ಸೊಪ್ಪಿನ ಚೂರಿಗೆ ಅಂಟಿಕೊಂಡು ನಾರನ್ನು ಒಡೆಯುತ್ತವೆ. ಪ್ರೆವೊಟೆಲ್ಲಾ ಅನ್ನುವ ದೊಡ್ಡ ಕುಟುಂಬ ಪಿಷ್ಟ, ಪ್ರೋಟೀನು, ಸಿಕ್ಕಿದ್ದರ ಮೇಲೆಲ್ಲ ಕೈಯಾಡಿಸುತ್ತದೆ. ಕೊನೆಗೆ ಉಳಿಯುವುದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಅನ್ನುವ ಮೂರು ಹುಳಿಗಳು. ಟವೆಲ್ ಕುಚ್ಚುಗಳು ಇವನ್ನು ಹೀರಿ ರಕ್ತಕ್ಕೆ ಕಳಿಸುತ್ತವೆ. ಮೇಕೆಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 70 ಈ ದಾರಿಯಲ್ಲೇ ಬರುತ್ತದೆ.

ಎರಡನೆಯದು ಪ್ರೋಟೀನು. ಇಲ್ಲಿ ಸ್ವಲ್ಪ ಕ್ರೂರ ಲೆಕ್ಕ ಇದೆ. ರುಮೆನ್ನಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಹರಿದು ಮುಂದೆ ಹೋಗಿ ಆಮ್ಲದ ಹೊಟ್ಟೆಗೆ ಬೀಳುತ್ತವೆ. ಅಲ್ಲಿ ಮೇಕೆ ಅವನ್ನೇ ಅರಗಿಸಿಕೊಳ್ಳುತ್ತದೆ. ಅಂದರೆ ಸೊಪ್ಪು ತಿನ್ನುವ ಪ್ರಾಣಿ ಅಂತ ನಾವು ಕರೆಯುವ ಮೇಕೆ, ಒಳಗೊಳಗೆ ಬ್ಯಾಕ್ಟೀರಿಯಾ ತಿಂದು ಮೈ ಬೆಳೆಸುತ್ತದೆ. ಕರುಳಿಗೆ ತಲುಪುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಇವುಗಳದ್ದೇ.

ಮೂರನೆಯದು ಬಿ ವಿಟಮಿನ್ನುಗಳು ಮತ್ತು ಕೆ ವಿಟಮಿನ್ನು. ಬಿ12 ಮಾಡಲು ಅವಕ್ಕೆ ಚಿಟಿಕೆಯಷ್ಟು ಕೋಬಾಲ್ಟ್ ಬೇಕು. ಕೊಟ್ಟಿಗೆಯಲ್ಲಿ ಖನಿಜದ ಇಟ್ಟಿಗೆ ನೇತು ಹಾಕುವುದರ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ನಾಟಿ ತಳಿಗಳ ಹೊಟ್ಟೆಯಲ್ಲಿ ಬೇರೆಯೇ ಬ್ಯಾಕ್ಟೀರಿಯಾ ಇರುತ್ತವಾ?

ಜಾಸ್ತಿ ಕೇಳುವ ಪ್ರಶ್ನೆ ಇದು. ಉತ್ತರ ಕೇಳಿ ನಿರಾಸೆ ಪಡುವವರೂ ಜಾಸ್ತಿ.

2015ರಲ್ಲಿ ವಿಜ್ಞಾನಿಗಳು ಜಗತ್ತಿನ 35 ದೇಶಗಳಿಂದ, 32 ಜಾತಿ-ಉಪಜಾತಿಯ ಪ್ರಾಣಿಗಳಿಂದ 742 ಮಾದರಿ ತಂದು ಹೋಲಿಸಿದರು. ಕುರಿ, ಮೇಕೆ, ದನ, ಎಮ್ಮೆ, ಜಿಂಕೆ, ಒಂಟೆ ಎಲ್ಲವೂ ಇದ್ದವು. ಸಿಕ್ಕಿದ್ದು ಏನು ಅಂದರೆ, ಮುಖ್ಯ ಬ್ಯಾಕ್ಟೀರಿಯಾಗಳ ಗುಂಪು ಎಲ್ಲ ಕಡೆ ಹೆಚ್ಚುಕಡಿಮೆ ಅವವೇ. ಯಾವುದು ಎಷ್ಟು ಅನ್ನುವ ಪ್ರಮಾಣ ಮಾತ್ರ ಬೇರೆ. ಆ ಪ್ರಮಾಣವನ್ನು ಮುಖ್ಯವಾಗಿ ಬದಲಿಸುವುದು ಮೇವು. ಪ್ರಾಣಿಯ ಜಾತಿಯ ಪಾತ್ರ ಅದಕ್ಕಿಂತ ಕಡಿಮೆ.

ಹಾಗಾದರೆ ಬನ್ನೂರು ಕುರಿ, ಡೆಕ್ಕನಿ ಕುರಿ, ಕೆಂಗುರಿ, ನಂದಿದುರ್ಗ ಮೇಕೆ, ಬೀದರಿ ಮೇಕೆ ಎಲ್ಲದರ ಹೊಟ್ಟೆಯೂ ಒಂದೇನಾ? ಅಲ್ಲ. ಯಾಕಂದರೆ ಇವು ಮೇಯುವುದು ಒಂದೇ ಅಲ್ಲ. ಡೆಕ್ಕನಿ ಕುರಿ ಬೆಳಗಾವಿ, ವಿಜಯಪುರದ ಬಯಲಲ್ಲಿ ಕುರುಬರ ಜೊತೆ ದಿನವಿಡೀ ನಡೆಯುತ್ತದೆ. ಕೊಯ್ಲಾದ ಜೋಳದ ಹೊಲದ ಕೂಳೆ, ಬದುವಿನ ಹುಲ್ಲು, ಜಾಲಿಯ ಕಾಯಿ ಅದರ ಊಟ. ಕೆಂಗುರಿ ರಾಯಚೂರು, ಕೊಪ್ಪಳದ ಸುಡುಬಿಸಿಲಿನ ಕುರಿ. ಬನ್ನೂರು ಕುರಿ ಗಿಡ್ಡ, ಅಗಲ. ನಾಲೆ ಬಯಲಿನ ಮನೆ ಮುಂದೆ ಒಂದೆರಡು ಕಟ್ಟಿ ಸಾಕುವುದು ರೂಢಿ, ಹೊಲದ ಕಳೆಯೂ ಮನೆಯ ಹೊಟ್ಟೂ ಸಿಗುತ್ತದೆ. ನಂದಿದುರ್ಗ ಮೇಕೆ ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಗುಡ್ಡದ ಪೊದೆಗಳನ್ನು ಹಿಂಗಾಲ ಮೇಲೆ ನಿಂತು ಎಳೆದು ತಿನ್ನುತ್ತದೆ. ಇಷ್ಟು ಬೇರೆ ಬೇರೆ ಊಟ ಇದ್ದರೆ ಒಳಗಿನ ಮಂದೆಯೂ ಬೇರೆ ಬೇರೆ ಆಗಲೇಬೇಕು.

ಹಾಗಂತ ತಳಿಯ ಪಾತ್ರ ಸೊನ್ನೆ ಅಲ್ಲ. ನ್ಯೂಜಿಲೆಂಡಿನಲ್ಲಿ ಕಡಿಮೆ ಮೀಥೇನ್ ಬಿಡುವ ಕುರಿಗಳನ್ನೇ ಆರಿಸಿ ಆರಿಸಿ ಪೀಳಿಗೆ ನಡೆಸಿದ್ದಾರೆ. ಆ ಕುರಿಗಳ ರುಮೆನ್ ಚಿಕ್ಕದು, ಮೇವು ಒಳಗೆ ನಿಲ್ಲುವ ಹೊತ್ತು ಕಡಿಮೆ, ಬ್ಯಾಕ್ಟೀರಿಯಾ ಪ್ರಮಾಣವೂ ಬೇರೆ. ಮನೆಯ ಅಳತೆ ರಕ್ತದಿಂದ ಬರುತ್ತದೆ, ಬಾಡಿಗೆದಾರರು ಮೇವಿನಿಂದ ಬರುತ್ತಾರೆ ಅಂದುಕೊಳ್ಳಿ. ‘ನಾಟಿ ತಳಿ ಗಟ್ಟಿ’ ಅಂತ ನಾವು ಹೇಳುವ ಗಟ್ಟಿತನದಲ್ಲಿ ಒಂದು ದೊಡ್ಡ ಪಾಲು ಅದು ಮೇದ ನೆಲದ್ದು ಅನ್ನುವುದು ನನ್ನ ಅಭಿಪ್ರಾಯ. ಆ ಮೇಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದು ಬರೀ ಹಿಂಡಿ, ಮೆಕ್ಕೆಜೋಳ ಹಾಕಿದರೆ ಆ ಪಾಲನ್ನು ಅಲ್ಲೇ ಬಿಟ್ಟು ಬಂದ ಹಾಗೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಕುರಿ ಯಾಕೆ ಹಾಗಲ್ಲ?

ತುಟಿ ಮತ್ತು ಒಗರು, ಎರಡು ಕಾರಣ. ಮೇಕೆಯ ತುಟಿ ಬೆರಳಿನ ಹಾಗೆ ಚುರುಕು. ಎಲಚಿಯ ಮುಳ್ಳಿನ ನಡುವೆ ಎಲೆಯನ್ನಷ್ಟೇ ಹೆಕ್ಕುತ್ತದೆ. ಕುರಿ ತಲೆ ತಗ್ಗಿಸಿ ಹುಲ್ಲು ಹಿಡಿಯುತ್ತದೆ.

ಒಗರು ಅಂದರೆ ಟ್ಯಾನಿನ್. ಜಾಲಿ, ಹುಣಸೆ, ಮುತ್ತುಗ, ಇಂಥ ಮರಗಳ ಎಲೆ, ಕಾಯಿ, ಚಕ್ಕೆಯಲ್ಲಿ ಇದು ಇರುತ್ತದೆ. ಟ್ಯಾನಿನ್ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಬ್ಯಾಕ್ಟೀರಿಯಾಗಳನ್ನೂ ಹಿಂಡುತ್ತದೆ. ಜಾಸ್ತಿ ಆದರೆ ಜೀರ್ಣವೇ ನಿಲ್ಲುತ್ತದೆ. ಒಗರನ್ನು ಮೇಕೆ ಕುರಿಗಿಂತ ಚೆನ್ನಾಗಿ ತಡೆಯುತ್ತದೆ. ಅದರ ಜೊಲ್ಲಿನಲ್ಲಿ ಟ್ಯಾನಿನ್ನನ್ನು ಮೊದಲೇ ಹಿಡಿಯುವ ಪ್ರೋಟೀನುಗಳಿವೆ. ಜೊತೆಗೆ ಒಗರಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ ಸಾಕಿಕೊಂಡಿರುತ್ತದೆ. 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಜಾಲಿ ಜಾತಿಯ ಮರ ಮೇಯುತ್ತಿದ್ದ ಕಾಡುಬಿದ್ದ ಮೇಕೆಗಳ ಹೊಟ್ಟೆಯಲ್ಲಿ ಅಂಥದೊಂದು ಸ್ಟ್ರೆಪ್ಟೋಕಾಕಸ್ ಸಿಕ್ಕಿತು.

ಸ್ವಲ್ಪ ಒಗರು ಒಳ್ಳೆಯದೇ. ಪ್ರೋಟೀನು ರುಮೆನ್ನಿನಲ್ಲೇ ಹಾಳಾಗದೆ ಕರುಳಿನವರೆಗೆ ಹೋಗುತ್ತದೆ, ಹೊಟ್ಟೆ ಹುಳದ ಕಾಟವೂ ಕಡಿಮೆ ಆಗುತ್ತದೆ.

ಸುಬಾಬುಲ್ ಹಾಕಿದರೆ ಕೂದಲು ಉದುರುತ್ತೆ ಅಂತಾರೆ. ನಮ್ಮ ಮೇಕೆಗಳಿಗೆ ಏನೂ ಆಗಿಲ್ಲ. ಯಾವುದು ನಿಜ?

ಎರಡೂ ನಿಜ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಇದು.

ಸುಬಾಬುಲ್ ಅನ್ನುವ ಮೇವಿನ ಮರದ ಎಲೆಯಲ್ಲಿ ಮೈಮೋಸಿನ್ ಅನ್ನುವ ವಿಷ ಇದೆ. ಅದು ರುಮೆನ್ನಿನಲ್ಲಿ ಒಡೆದು ಇನ್ನೊಂದು ವಿಷವಾಗಿ ಥೈರಾಯ್ಡನ್ನು ಕೆಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ಮೇದ ದನಗಳಿಗೆ ಕೂದಲು ಉದುರುವುದು, ಗಂಟಲು ಊದುವುದು, ತೂಕ ಇಳಿಯುವುದು ಆಗುತ್ತಿತ್ತು. ಹವಾಯಿಯ ಮೇಕೆಗಳು ಅದೇ ಸೊಪ್ಪನ್ನು ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿಗೆ ಅನುಮಾನ ಬಂತು. ವ್ಯತ್ಯಾಸ ಮೇಕೆಯಲ್ಲಿ ಇಲ್ಲ, ಅದರ ಹೊಟ್ಟೆಯ ರಸದಲ್ಲಿ ಇರಬೇಕು ಅಂತ. 1980ರ ದಶಕದ ಆರಂಭದಲ್ಲಿ ಹವಾಯಿ ಮೇಕೆಯ ರುಮೆನ್ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾಕ್ಕೆ ಒಯ್ದು ಅಲ್ಲಿನ ಪ್ರಾಣಿಗಳಿಗೆ ಕೊಟ್ಟರು. ವಿಷ ಇಳಿಯಿತು. ಒಟ್ಟಿಗೆ ಮೇಯುವ ಬೇರೆ ಪ್ರಾಣಿಗಳಿಗೂ ಆ ಬ್ಯಾಕ್ಟೀರಿಯಾ ತಾನಾಗಿಯೇ ಹರಡಿತು. 1992ರಲ್ಲಿ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಅವರದೇ ಹೆಸರಿಟ್ಟರು.

ಹಾಗಾಗಿ ನಿಮ್ಮ ಮೇಕೆಗಳಿಗೆ ಏನೂ ಆಗಿಲ್ಲ ಅಂದರೆ, ಅಂಥ ಬ್ಯಾಕ್ಟೀರಿಯಾ ಒಳಗಿರಬಹುದು. ಇಲ್ಲವೇ ನೀವು ಹಾಕುವ ಪ್ರಮಾಣವೇ ಕಡಿಮೆ ಇರಬಹುದು. ಸುಬಾಬುಲ್ ಕಂಡೇ ಇರದ ಮರಿಗಳಿಗೆ ಒಮ್ಮೆಲೇ ಹೊರೆ ಹಾಕಬೇಡಿ. ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ದಾಟದಿರುವುದು ಲೇಸು. ಬೇರೆ ಸೊಪ್ಪು ಬೆರೆಸಿ.

ಹುಟ್ಟಿದ ಮರಿಗೆ ಈ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತವೆ?

ತಾಯಿಯಿಂದ. ಅದು ಮರಿಯನ್ನು ನೆಕ್ಕುತ್ತದೆ, ಮರಿ ಕೆಚ್ಚಲಿಗೆ ಬಾಯಿ ಹಾಕುವ ಮೊದಲು ಹೊಟ್ಟೆ, ತೊಡೆ, ಕೊಟ್ಟಿಗೆ ನೆಲ ಎಲ್ಲ ಮೂಸುತ್ತದೆ. ಮೀಥೇನ್ ಮಾಡುವ ಜೀವಿಗಳೂ ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯ ಹೊಟ್ಟೆಗೆ ಬಂದು ಸೇರುತ್ತವೆ.

ಆದರೆ ಆಗ ರುಮೆನ್ ಇನ್ನೂ ಖಾಲಿ ಸಂಚಿ. ಕುಡಿದ ಹಾಲು ಕೊಳವೆಯಂತೆ ಮಡಚಿಕೊಳ್ಳುವ ಒಂದು ದಾರಿಯ ಮೂಲಕ ಅದನ್ನು ದಾಟಿ ನೇರ ಆಮ್ಲದ ಹೊಟ್ಟೆಗೆ ಹೋಗುತ್ತದೆ. ಎರಡನೇ ವಾರದ ಸುಮಾರಿಗೆ ಮರಿ ಎಳೆ ಸೊಪ್ಪನ್ನು ಕಚ್ಚಿ ಉಗುಳಿ ಆಟ ಆಡಲು ಶುರು ಮಾಡುತ್ತದೆ. ಆ ಆಟವೇ ಪಾಠ. ಸೊಪ್ಪು ಒಳಗೆ ಹೋದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬಿಡುವ ಹುಳಿ ತಾಗಿ ಟವೆಲ್ ಕುಚ್ಚು ಬೆಳೆಯುತ್ತದೆ. ಎರಡು ತಿಂಗಳ ಹೊತ್ತಿಗೆ ರುಮೆನ್ ಕೆಲಸಕ್ಕೆ ಬರುತ್ತದೆ. ಬರೀ ಹಾಲಿನಲ್ಲೇ ಬೆಳೆಸಿ ಒಂದು ದಿನ ಥಟ್ಟನೆ ಹಾಲು ಬಿಡಿಸಿದರೆ ಮರಿ ಸೊರಗುವುದು ಇದಕ್ಕೇ. ಗಿಣ್ಣು ಹಾಲು ಮಾತ್ರ ಹುಟ್ಟಿದ ಒಂದೆರಡು ಗಂಟೆಯಲ್ಲೇ ಕುಡಿಸಬೇಕು. ಅದರಲ್ಲಿ ರಾಜಿ ಇಲ್ಲ.

ಸಂತೆಯಿಂದ ತಂದ ಮರಿಗಳು ಮೊದಲ ಹದಿನೈದು ದಿನದಲ್ಲೇ ಯಾಕೆ ಸಾಯುತ್ತವೆ?

ಕಾರಣ ಹಲವು. ದಾರಿಯ ಸುಸ್ತು, ಹಿರೇಬೇನೆ, ನ್ಯುಮೋನಿಯಾ. ಆದರೆ ನಮ್ಮ ಕೈಯಾರೆ ನಾವೇ ಮಾಡುವ ತಪ್ಪು ಮೇವಿನದು. ನನ್ನದೇ ಹೇಳುತ್ತೇನೆ.

ಆರು ಬನ್ನೂರು ಟಗರು ಮರಿ ತಂದಿದ್ದೆ. ಮಾರಿದವನು ಏನು ಮೇಯಿಸುತ್ತಿದ್ದ ಅಂತ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೇಗ ತೂಕ ಬರಲಿ ಅಂತ ಮರುದಿನದಿಂದಲೇ ಮೆಕ್ಕೆಜೋಳದ ನುಚ್ಚು ಸುರಿದೆ. ಮರಿಗಳು ಮುಗಿಬಿದ್ದು ತಿಂದವು, ನನಗೆ ಖುಷಿಯೋ ಖುಷಿ. ಮೂರನೇ ದಿನ ಬೆಳಗ್ಗೆ ಒಂದು ಹಲ್ಲು ಕಡಿಯುತ್ತಾ ಗೋಡೆಗೆ ತಲೆ ಆನಿಸಿ ನಿಂತಿತ್ತು. ಹಿಕ್ಕೆ ಇಲ್ಲ, ಬೂದು ಬಣ್ಣದ ಅಂಬಲಿ. ಮಧ್ಯಾಹ್ನಕ್ಕೆ ಹೋಯಿತು, ರಾತ್ರಿ ಇನ್ನೊಂದು. ವೈದ್ಯರು ಕೊಯ್ದು ತೋರಿಸಿದರು. ರುಮೆನ್ ತುಂಬ ತೆಳ್ಳಗಿನ ಗಂಜಿ, ಅದರಲ್ಲಿ ತೇಲುವ ಹಳದಿ ನುಚ್ಚು, ಕೆಟ್ಟ ಹುಳಿ ವಾಸನೆ. ಟವೆಲ್ ಪದರ ಬೆರಳು ತಾಗಿದರೆ ಬಿಟ್ಟು ಬರುತ್ತಿತ್ತು. ಬಣ್ಣದ ಪಟ್ಟಿ ಅದ್ದಿ ನೋಡಿದರೆ ಪಿಎಚ್ 5ಕ್ಕಿಂತ ಕೆಳಗೆ.

ಒಳಗೆ ಆದದ್ದು ಇಷ್ಟು. ನಾರು ಒಡೆಯುವ ಬ್ಯಾಕ್ಟೀರಿಯಾಗಳಿಂದ ತುಂಬಿದ ಹೊಟ್ಟೆಗೆ ಏಕಾಏಕಿ ಪಿಷ್ಟ ಬಿತ್ತು. ಪಿಷ್ಟ ಕಂಡರೆ ಸ್ಟ್ರೆಪ್ಟೋಕಾಕಸ್ ಬೋವಿಸ್ ಅನ್ನುವುದಕ್ಕೆ ಹಬ್ಬ. ಅನುಕೂಲ ಸಿಕ್ಕರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತದೆ. ಅದು ಬಿಡುವುದು ಲ್ಯಾಕ್ಟಿಕ್ ಆಮ್ಲ, ಮಾಮೂಲಿ ಹುಳಿಗಳಿಗಿಂತ ಬಹಳ ಜೋರು. ಆ ಆಮ್ಲವನ್ನೇ ತಿಂದು ಮುಗಿಸುವ ಮೆಗಾಸ್ಫೇರಾ ಅನ್ನುವ ಬ್ಯಾಕ್ಟೀರಿಯಾವೂ ಇದೆ. ಪಾಪ, ಅದು ನಿಧಾನ. ಸಂಖ್ಯೆ ಕೂಡಿಸಿಕೊಳ್ಳಲು ದಿನಗಟ್ಟಲೆ ಬೇಕು. ಅದಕ್ಕೆ ನಾನು ಆ ದಿನಗಳನ್ನು ಕೊಡಲಿಲ್ಲ.

ಈಗ ಹೊಸ ಮರಿ ತಂದರೆ ಮೊದಲು ಕೇಳುವುದೇ ‘ಏನು ಮೇಯಿಸ್ತಿದ್ರಿ?’ ಅಂತ. ಸಾಧ್ಯವಾದರೆ ಅದೇ ಮೇವಿನ ಒಂದು ಮೂಟೆಯನ್ನೂ ತರುತ್ತೇನೆ. ಮೊದಲ ನಾಲ್ಕೈದು ದಿನ ಒಣ ಹುಲ್ಲು, ಸೊಪ್ಪು, ನೀರು ಅಷ್ಟೇ. ಆಮೇಲೆ ದಿನಕ್ಕೆ ಒಂದು ಹಿಡಿ ಕಾಳಿನಿಂದ ಶುರು ಮಾಡಿ, ಹತ್ತರಿಂದ ಹದಿನಾಲ್ಕು ದಿನದಲ್ಲಿ ನಿಧಾನ ಏರಿಸುತ್ತೇನೆ. ಯಾವಾಗಲೂ ಹುಲ್ಲು ಮೊದಲು, ಕಾಳು ಆಮೇಲೆ.

ಕೊಯ್ಲಾದ ಹೊಲಕ್ಕೆ ಬಿಟ್ಟ ಮೇಲೆ ಮಂದೆಯ ಚೆನ್ನಾಗಿರುವ ಮರಿಯೇ ಯಾಕೆ ಸಾಯುತ್ತೆ?

ಉದುರಿದ ಕಾಳು ಹೊಟ್ಟೆ ತುಂಬ ಸಿಕ್ಕಾಗ ಮೇಲೆ ಹೇಳಿದ ಆಮ್ಲದ ತೊಂದರೆ ಆಗಬಹುದು. ಇನ್ನೊಂದು ಕರುಳು ಬೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಅನ್ನುವ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಅರಗದ ಪಿಷ್ಟವೋ, ಮಳೆ ಬಿದ್ದ ಮೇಲಿನ ಎಳೆ ಹುಲ್ಲೋ ಜಾಸ್ತಿಯಾಗಿ ಕರುಳಿಗೆ ಇಳಿದರೆ ಅದು ಮಿತಿಮೀರಿ ಬೆಳೆದು ವಿಷ ಬಿಡುತ್ತದೆ. ಚೆನ್ನಾಗಿ ತಿನ್ನುವ ದಷ್ಟಪುಷ್ಟ ಮರಿಗೇ ಮೊದಲ ಏಟು. ಸಂಜೆ ಜಿಗಿಯುತ್ತಿದ್ದ ಮರಿ ಬೆಳಗ್ಗೆ ಕಾಲು ಸೆಟೆದು ಬಿದ್ದಿರುತ್ತದೆ. ಯಾರೋ ಕಣ್ಣು ಹಾಕಿದರು ಅಂತ ಅಕ್ಕಪಕ್ಕದವರ ಮೇಲೆ ಮುನಿಸಿಕೊಂಡವರನ್ನು ನೋಡಿದ್ದೇನೆ.

ಬಂದ ಮೇಲೆ ಮದ್ದಿಗೆ ಸಮಯವೇ ಇರುವುದಿಲ್ಲ. ಲಸಿಕೆ ಮಾತ್ರ ಕಾಪಾಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ಇದು ತಯಾರಾಗುತ್ತದೆ. ಮುಂಗಾರಿಗೆ ಮುಂಚೆ ಹಾಕಿಸಿ. ಮೊದಲ ಸಲ ಆದರೆ ಬೂಸ್ಟರ್ ಮರೆಯಬೇಡಿ.

ಹೊಟ್ಟೆ ಉಬ್ಬರಕ್ಕೂ ಬ್ಯಾಕ್ಟೀರಿಯಾಗೂ ಸಂಬಂಧ ಇದೆಯಾ?

ಇದೆ. ಬ್ಯಾಕ್ಟೀರಿಯಾ ಕೆಲಸ ಮಾಡಿದಾಗ ಗ್ಯಾಸ್ ಬರುವುದು ಸಹಜ, ಅದನ್ನು ಮೇಕೆ ತೇಗಿ ಬಿಡುತ್ತದೆ. ಎಳೆ ಕುದುರೆ ಮಸಾಲೆ (ಲೂಸರ್ನ್ ಮೇವು), ಹಸಿ ಹುರುಳಿ ಅಥವಾ ಅಲಸಂದೆ ಬಳ್ಳಿಯನ್ನು ಹಸಿದ ಹೊಟ್ಟೆಗೆ ತಿಂದರೆ ಗ್ಯಾಸು ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೊರೆಯನ್ನು ತೇಗಲು ಆಗುವುದಿಲ್ಲ. ಎಡ ಪಕ್ಕೆ ತಮಟೆಯ ಹಾಗೆ ಬಿಗಿಯುತ್ತದೆ. ಡಾಕ್ಟರ್ ಬರುವವರೆಗೆ 50ರಿಂದ 100 ಮಿಲಿ ಅಡುಗೆ ಎಣ್ಣೆ ನಿಧಾನವಾಗಿ ಕುಡಿಸಬಹುದು, ನೊರೆ ಒಡೆಯುತ್ತದೆ. ತಲೆಯನ್ನು ತುಂಬ ಮೇಲೆತ್ತಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಕೊಲ್ಲುತ್ತದೆ. ಕಂಡ ಸೂಜಿ ಚುಚ್ಚುವ ಸಾಹಸ ಬೇಡ.

ಎಳೆ ಜೋಳ ವಿಷ ಅಂತಾರಲ್ಲ?

ಹೌದು. ಮೊಣಕಾಲುದ್ದದ ಎಳೆ ಜೋಳದಲ್ಲಿ, ಬರಕ್ಕೆ ಬಾಡಿ ಮತ್ತೆ ಚಿಗುರಿದ ಕೂಳೆಯಲ್ಲಿ ಸೈನೈಡ್ ಬಿಡುವ ವಸ್ತು ಇರುತ್ತದೆ. ಅದನ್ನು ಬಿಡಿಸಿ ಹೊರಗೆ ತರುವುದು ರುಮೆನ್ ಬ್ಯಾಕ್ಟೀರಿಯಾಗಳೇ. ಅವುಗಳಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಕೈಗೆ ಸಿಕ್ಕಿದ್ದನ್ನು ಒಡೆಯುತ್ತವೆ.

ಭೇದಿಗೆ ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ಬಾಯಿಗೆ ಹಾಕಬಹುದಾ?

ಬೇಡ. ಮೆಲುಕು ಹಾಕುವಷ್ಟು ಬೆಳೆದ ಪ್ರಾಣಿಗೆ ಬಾಯಿಂದ ಆಂಟಿಬಯೋಟಿಕ್ ಕೊಟ್ಟರೆ ಅದು ಮೊದಲು ಬೀಳುವುದು ರುಮೆನ್ನಿಗೆ. ಕಳ್ಳನನ್ನು ಹಿಡಿಯಲು ಊರಿಗೇ ಬೆಂಕಿ ಇಟ್ಟ ಹಾಗೆ. ಮೇಕೆ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಆಗ ಇನ್ನೊಂದು ಕಾಯಿಲೆ ಅಂದುಕೊಂಡು ಮತ್ತೊಂದು ಮಾತ್ರೆ ಹಾಕುತ್ತೇವೆ. ಭೇದಿಗೆ ಹುಳ, ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿ, ಮೇವಿನ ಬದಲಾವಣೆ ಹೀಗೆ ಕಾರಣ ಬೇರೆ ಇರುವುದೇ ಜಾಸ್ತಿ.

ಪ್ರೋಬಯೋಟಿಕ್ ಪುಡಿ, ಯೀಸ್ಟ್, ಮಜ್ಜಿಗೆ ಇವುಗಳಿಂದ ಲಾಭ ಇದೆಯಾ?

ಕಾಳು ಜಾಸ್ತಿ ತಿನ್ನುವ ಪ್ರಾಣಿಗಳಲ್ಲಿ ರುಮೆನ್ ಹುಳಿಯಾಗುವುದನ್ನು ಯೀಸ್ಟ್ ಸ್ವಲ್ಪ ತಡೆಯುತ್ತದೆ. ಬಯಲಲ್ಲಿ ಮೇದು ಬರುವ ನಾಟಿ ಮೇಕೆಗೆ ಕೊಟ್ಟರೆ ವ್ಯತ್ಯಾಸ ಕಾಣುವುದು ಕಷ್ಟ. ಮಜ್ಜಿಗೆಯ ಬ್ಯಾಕ್ಟೀರಿಯಾ ರುಮೆನ್ನಿನಲ್ಲಿ ನೆಲೆ ನಿಲ್ಲುವುದಿಲ್ಲ. ಹಿಂದೆ ಹೇಳಿದ ಸಾವಿರ ಕೋಟಿಯ ಲೆಕ್ಕ ನೆನಪಿದೆ ಅಲ್ವಾ? ಅಷ್ಟು ದೊಡ್ಡ ಜಾತ್ರೆಗೆ ಹೊರಗಿನವರು ನಾಲ್ಕು ಜನ ಬಂದರೆ ಗೊತ್ತೂ ಆಗುವುದಿಲ್ಲ. ದುಡ್ಡನ್ನು ಒಳ್ಳೆ ಹುಲ್ಲಿಗೆ ಹಾಕಿ.

ಆರೋಗ್ಯದ ಮೇಕೆಯ ಹೊಟ್ಟೆ ರಸವನ್ನು ಕಾಯಿಲೆ ಮೇಕೆಗೆ ಕುಡಿಸುತ್ತಾರಂತೆ, ನಿಜವಾ?

ನಿಜ. ಪುಡಿಗಿಂತ ಇದೇ ಚೆನ್ನಾಗಿ ಕೆಲಸ ಮಾಡುತ್ತದೆ. ಆರೋಗ್ಯವಾಗಿದ್ದ ಪ್ರಾಣಿಯನ್ನು ಕೊಯ್ದಾಗ ರುಮೆನ್ನಿನ ತಿರುಳನ್ನು ಬಟ್ಟೆಯಲ್ಲಿ ಹಿಂಡಿ, ರಸ ಬೆಚ್ಚಗಿರುವಾಗಲೇ, ಗಾಳಿ ಆಡದಂತೆ ಮುಚ್ಚಿ ತಂದು ಕೊಳವೆಯಲ್ಲಿ ಹೊಟ್ಟೆಗೆ ಬಿಡುತ್ತಾರೆ. ಕುರಿ, ಮೇಕೆಗೆ ಅರ್ಧದಿಂದ ಒಂದು ಲೀಟರ್. ಬಹಳ ದಿನ ಮೇವು ಬಿಟ್ಟ, ಮೆಲುಕು ನಿಂತ ಮೇಕೆ ಮರುದಿನವೇ ಸೊಪ್ಪಿಗೆ ಮೂಗು ಚಾಚಿದ್ದನ್ನು ಕಂಡಿದ್ದೇನೆ. ವೈದ್ಯರ ಕೈಯಲ್ಲೇ ಮಾಡಿಸಿ. ರಸ ಕೊಡುವ ಪ್ರಾಣಿಗೆ ರೋಗವಿದ್ದರೆ ಅದೂ ಜೊತೆಗೇ ಬರುತ್ತದೆ.

ಬೇಸಿಗೆಯಲ್ಲಿ ಬರೀ ಒಣ ಹುಲ್ಲು ತಿಂದು ಹೇಗೆ ಬದುಕುತ್ತವೆ? ಯೂರಿಯಾ ಹಾಕಬಹುದಾ?

ಪ್ರೋಟೀನು ಕಡಿಮೆಯಾದಾಗ ಮೈ ತನ್ನಲ್ಲೇ ತಯಾರಾಗುವ ಯೂರಿಯಾವನ್ನು ಮೂತ್ರಕ್ಕೆ ಬಿಡುವುದು ಕಡಿಮೆ ಮಾಡಿ, ಜೊಲ್ಲು ಮತ್ತು ರಕ್ತದ ಮೂಲಕ ರುಮೆನ್ನಿಗೇ ವಾಪಸ್ ಕಳಿಸುತ್ತದೆ. ಬ್ಯಾಕ್ಟೀರಿಯಾ ಅದರಿಂದ ಹೊಸ ಪ್ರೋಟೀನು ಕಟ್ಟುತ್ತವೆ. ಕಸದಿಂದ ರಸ ಅನ್ನುವುದು ಅಕ್ಷರಶಃ ಇಲ್ಲಿ ನಡೆಯುತ್ತದೆ.

ಹೊರಗಿನಿಂದ ಯೂರಿಯಾ ಕೊಡುವ ಭದ್ರ ದಾರಿ ಹುಲ್ಲಿನ ಉಪಚಾರ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಮುಚ್ಚಿ ಮೂರು ವಾರ ಇಡುವುದು. ತೆಗೆದ ಮೇಲೆ ಗಾಳಿಗೆ ಆರಿಸಿ ಹಾಕಬೇಕು. ಎಳೆ ಮರಿಗೆ ಬೇಡ. ಯೂರಿಯಾವನ್ನು ನೀರಲ್ಲಿ ಕಲಸಿ ನೇರ ಕುಡಿಸುವುದು, ಯೂರಿಯಾ ಚೀಲ ಮೇಕೆಗೆ ಸಿಗುವ ಜಾಗದಲ್ಲಿ ಇಡುವುದು ಎರಡೂ ಸಾವಿಗೆ ದಾರಿ.

ಕುರಿ-ಮೇಕೆಯಿಂದಲೂ ಮೀಥೇನ್ ಬರುತ್ತಾ?

ಬರುತ್ತದೆ. ನಮ್ಮಂಥ ದೇಶಗಳಿಗೆ ಅಂತರರಾಷ್ಟ್ರೀಯ ಲೆಕ್ಕಾಚಾರದಲ್ಲಿ ಒಂದು ಕುರಿಗೆ ಅಥವಾ ಮೇಕೆಗೆ ವರ್ಷಕ್ಕೆ 5 ಕೆಜಿ ಅಂತ ಹಿಡಿಯುತ್ತಾರೆ. ಬಹುಪಾಲು ಹಿಂದಿನಿಂದ ಅಲ್ಲ, ತೇಗಿನಲ್ಲಿ. ಮೀಥೇನ್ ಅಂದರೆ ಮೇವಿನ ಶಕ್ತಿಯೇ ಗಾಳಿಗೆ ಹೋದ ಹಾಗೆ, ಹಾಗಾಗಿ ಸಾಕುವವನಿಗೂ ನಷ್ಟ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದರ ಮೇಲೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ಒಗರಿನ ಗಿಡಗಳಿಂದ ‘ಹರಿತ್ ಧಾರಾ’ ಅನ್ನುವ ಪುಡಿಯನ್ನೂ ತಂದಿದೆ. ಜಾಲಿ ಸೊಪ್ಪು ಮೇಯುವ ಮೇಕೆ ಆ ಒಗರನ್ನು ದುಡ್ಡಿಲ್ಲದೆ ತಿನ್ನುತ್ತಿದೆ ಅನ್ನುವುದು ಬೇರೆ ಮಾತು.

ಒಳಗಿನ ಮಂದೆ ಸರಿಯಾಗಿದೆ ಅಂತ ಹೊರಗಿನಿಂದ ಹೇಗೆ ತಿಳಿಯೋದು?

ಮೂರು ಜಾಗ ನೋಡಿ.

ಮಧ್ಯಾಹ್ನ ಮಂದೆ ಮಲಗಿದಾಗ ದವಡೆ ನೋಡಿ. ಮಲಗಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಲುಕು ಹಾಕುತ್ತಿರಬೇಕು.

ಎಡ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಒಳಗಿನಿಂದ ಯಾರೋ ನಿಧಾನವಾಗಿ ಹೊರಳಿದ ಹಾಗೆ ಕೈಯನ್ನು ತಳ್ಳುತ್ತದೆ. ನಿಮಿಷಕ್ಕೆ ಒಂದೋ ಎರಡೋ ಸಲ. ಹಿಟ್ಟಿನ ಮುದ್ದೆಯಷ್ಟು ಮೆತ್ತಗಿದ್ದರೆ ಸರಿ. ನೀರು ತುಂಬಿದ ಚೀಲದ ಹಾಗೆ ಕುಲುಕಿದರೆ ಆಮ್ಲದ ಅನುಮಾನ.

ಆಮೇಲೆ ಹಿಕ್ಕೆ. ಬಿಡಿ ಬಿಡಿ, ಹೊಳಪು, ಒಡೆದರೆ ಒಳಗೆ ಸಣ್ಣ ನಾರು. ಕಾಳು ಹಾಗೇ ಕಂಡರೆ ಮೇವು ಜಾಸ್ತಿಯಾಗಿದೆ ಅಥವಾ ಬೇಗ ಜಾರುತ್ತಿದೆ. ಒಂದಕ್ಕೊಂದು ಅಂಟಿದ್ದರೆ ನಿನ್ನೆ ಏನು ಹಾಕಿದಿರಿ ನೆನಪು ಮಾಡಿಕೊಳ್ಳಿ.

ಇನ್ನೊಂದು ಗುರುತು: ಕಾಳು ಜಾಸ್ತಿ ತಿನ್ನುವ ಮೇಕೆ ಕಣ್ಣು ಕಾಣದಂತೆ ತಡವರಿಸಿ, ಕತ್ತು ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತಾ ನಿಂತರೆ ತಕ್ಷಣ ಫೋನ್ ಮಾಡಿ. ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ಬಿ1 ವಿಟಮಿನ್ನನ್ನು ಹಾಳು ಮಾಡಿರಬಹುದು. ಬೇಗ ಇಂಜೆಕ್ಷನ್ ಬಿದ್ದರೆ ಉಳಿಯುತ್ತದೆ.

ಈ ಬ್ಯಾಕ್ಟೀರಿಯಾ ನಮಗೆ ಹರಡುತ್ತವಾ?

ರುಮೆನ್ನಿನವು ಗಾಳಿಯಲ್ಲಿ ಬದುಕುವುದೇ ಇಲ್ಲ. ಕರುಳಿನಿಂದ ಬರುವ ಸಾಲ್ಮೊನೆಲ್ಲಾ, ಕೆಲವು ಇ ಕೋಲಿ ಮಾತ್ರ ತೊಂದರೆ ಕೊಡಬಹುದು. ಹಿಕ್ಕೆ ಬಾಚಿದ ಮೇಲೆ, ಬೋಟಿ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿಗೆ ಹಸಿ ಹಾಲು ಬೇಡ.

ನಮ್ಮ ಮೇಕೆಯ ಬ್ಯಾಕ್ಟೀರಿಯಾವನ್ನು ಪರೀಕ್ಷೆ ಮಾಡಿಸಬಹುದಾ?

ಡಿಎನ್ಎ ಓದಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಹೇಳುವ ತಂತ್ರ ಇದೆ. ಅದು ಸಂಶೋಧನೆಯವರ ಕೆಲಸ. ವರದಿ ಕೈಗೆ ಬಂದರೂ ನೀವು ಮಾಡುವುದು ಮೇವು ಸರಿಮಾಡುವುದನ್ನೇ. ಅದಕ್ಕೆ ಬದಲು ಹಿಕ್ಕೆಯಲ್ಲಿ ಹುಳದ ಮೊಟ್ಟೆ ಇದೆಯಾ ಅಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ನೋಡಿಸಿ. ನೆಲದ ಮೇಲಿನ ಹಿಕ್ಕೆ ಬೇಡ, ಆಗತಾನೆ ಹಾಕಿದ್ದನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ, ಬಿಸಿಲಿಗೆ ಇಡದೆ ಅದೇ ದಿನ ತಲುಪಿಸಿ. ಡಬ್ಬಿಯ ಮೇಲೆ ಯಾವ ಮೇಕೆಯದು ಅಂತ ಬರೆಯಿರಿ. ನಾನು ಒಂದು ಸಲ ಬರೆಯದೆ ಒಯ್ದು, ಹುಳ ಇದ್ದದ್ದು ಯಾವುದಕ್ಕೆ ಅಂತ ತಿಳಿಯದೆ ಹನ್ನೊಂದಕ್ಕೂ ಮತ್ತೆ ಡಬ್ಬಿ ಹಿಡಿದು ಹಿಂದೆ ಹಿಂದೆ ಓಡಾಡಿದ್ದೇನೆ.